ಹಳೇ ಮ್ಯಾನುಯಲ್ ಲೆನ್ಸು, ಮಲೆನಾಡಿನ ಮಳೆ: ಬಳಸ್ತಾ ಇರೋರು ಸ್ವಲ್ಪ ಬನ್ನಿ

ತೀರ್ಥಳ್ಳಿ ಹೈದ

ಮಾವ ಸ್ಟುಡಿಯೋ ಮುಚ್ಚಿದ ಮೇಲೆ ಉಳಿದಿದ್ದ, ಕೈಯಿಂದಲೇ ಫೋಕಸ್ ಮಾಡೋ ಹಳೇ ಲೆನ್ಸುಗಳನ್ನ ನನಗೆ ದಾಟಿಸಿದ್ದಾರೆ. ಇಲ್ಲೇ ಇದ್ರೆ ಬೂಷ್ಟು ತಿಂದು ಹಾಕತ್ತೆ, ನೀನಾದ್ರೂ ಬಳಸು ಅಂದ್ರು. ಇರೋದು ಇಷ್ಟು: ನಿಕ್ಕೋರ್ 50 ಎಂಎಂ ಎಫ್ 1.4, ನಿಕ್ಕೋರ್ 28 ಎಂಎಂ ಎಫ್ 2.8, ತಿರುಪಿನ ಮೌಂಟಿನ (ಲೆನ್ಸು ಕ್ಯಾಮೆರಾಗೆ ಕೂರೋ ಜಾಗ) ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4, ಮತ್ತೆ ಹೆಸರು ಅಳಿಸಿಹೋದ ಒಂದು 135 ಎಂಎಂ. ನನ್ನ ಹತ್ರ ಇರೋದು ಸೋನಿ ಇ ಮೌಂಟಿನ, ಕ್ರಾಪ್ ಸೆನ್ಸರ್ (ಫಿಲ್ಮಿನ ಚೌಕಟ್ಟಿಗಿಂತ ಸಣ್ಣ ಸೆನ್ಸರ್) ಇರೋ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್, ಜೊತೆಗೆ ಬಂದ ಕಿಟ್ ಲೆನ್ಸು.

ಟಾಕುಮಾರ್ ಗಾಜು ಹಾಲಿಲ್ಲದ ಕಷಾಯದ ಬಣ್ಣಕ್ಕೆ ತಿರುಗಿದೆ. 135ರ ಒಳಗೆ ಟಾರ್ಚ್ ಹಾಕಿದ್ರೆ ಬಲೆ ಬಲೆ ಥರ ಎಂತದೋ ಕಾಣ್ತದೆ. ಇವನ್ನೆಲ್ಲ ಕೂರಿಸೋಕೆ ಯಾವ ಅಡಾಪ್ಟರ್ ಬೇಕು? ನಿಜಕ್ಕೂ ಬಳಸೋಕೆ ಆಗತ್ತಾ, ಅಥವಾ ಷೋಕೇಸಲ್ಲಿ ಇಟ್ಟು ಸುಮ್ನಿರೋದಾ? ಇಲ್ಲಿ ಪುನರ್ವಸು ಮಳೆ ಬಿಡದೆ ಹೊಯ್ತಾ ಇದೆ, ಹೊರಗೆ ಹೋಗೋ ಹಾಗೂ ಇಲ್ಲ, ಅದಕ್ಕೇ ಕೂತು ಕೇಳ್ತಾ ಇದೀನಿ.

ಕುಂದಾದ್ರಿ ಕಲ್ಲು

ಷೋಕೇಸಿಗೆ ಮಾತ್ರ ಇಡಬೇಡಿ ಮಾರಾಯ್ರೆ. ಕತ್ತಲಲ್ಲಿ, ಗಾಳಿಯಾಡದೆ ಸುಮ್ಮನೆ ಕೂತ ಲೆನ್ಸಿಗೇ ಬೂಷ್ಟು ಬೇಗ ಬರೋದು.

ಅಡಾಪ್ಟರ್ ವಿಷಯ ಸುಲಭ. ಪ್ರತಿ ಮೌಂಟಿಗೂ ಸೆನ್ಸರಿನಿಂದ ಇಂತಿಷ್ಟೇ ದೂರ ಅಂತ ನಿಗದಿ ಇರುತ್ತೆ. ನಿಕಾನ್ ಎಫ್ ಮೌಂಟಿಗೆ 46.5 ಮಿ.ಮೀ., ಎಂ42 ತಿರುಪಿನ ಮೌಂಟಿಗೆ 45.46, ಸೋನಿ ಇ ಮೌಂಟಿಗೆ ಬರೀ 18. ನಡುವಿನ ಅಂತರ ತುಂಬೋಕೆ ಒಂದು ಖಾಲಿ ಲೋಹದ ಬಳೆ ಸಾಕು, ಒಳಗೆ ಗಾಜು ಬೇಡ, ವಿದ್ಯುತ್ ಬೇಡ. ನಿಮಗೆ ಎರಡು ಬೇಕು: ನಿಕಾನ್ ಎಫ್‌ನಿಂದ ಇ ಮೌಂಟಿಗೆ ಒಂದು, ಎಂ42ರಿಂದ ಇ ಮೌಂಟಿಗೆ ಇನ್ನೊಂದು. ಸ್ಟುಡಿಯೋದವರ 135 ತಿರುಪಿನದೇ ಆಗಿದ್ರೆ ಅದೂ ಎರಡನೇದಕ್ಕೇ ಕೂರುತ್ತೆ. ಎಂ42 ಮೌಂಟು 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಿಂದ ಬಂದದ್ದು. ಜರ್ಮನಿ, ಜಪಾನ್, ಸೋವಿಯತ್ ದೇಶ ಎಲ್ಲ ಕಡೆ ಅದಕ್ಕೆ ಲೆನ್ಸು ಮಾಡಿದ್ರು. ಅದಕ್ಕೇ ಇವತ್ತಿಗೂ ಅಗ್ಗದಲ್ಲಿ ರಾಶಿ ಸಿಗತ್ತೆ.

ಒಂದು ಮಾತು. ಅಗ್ಗದ ಅಡಾಪ್ಟರುಗಳನ್ನ ಬೇಕಂತಲೇ ಕೂದಲೆಳೆಯಷ್ಟು ಗಿಡ್ಡ ಮಾಡಿರ್ತಾರೆ, ಅನಂತಕ್ಕೆ (ಅತಿ ದೂರದ ವಸ್ತುವಿಗೆ) ಫೋಕಸ್ ಸಿಗದೆ ಇರೋ ದೂರು ಬರಬಾರದು ಅಂತ. ಹಾಗಾಗಿ ರಿಂಗನ್ನ ಕೊನೆಯವರೆಗೆ ತಿರುಗಿಸಿದ್ರೆ ಫೋಕಸ್ ಅನಂತವನ್ನೂ ದಾಟಿ ಹೋಗಿರುತ್ತೆ. ದೂರದ ಗುಡ್ಡವೋ ಮೊಬೈಲ್ ಟವರೋ ಒಂದನ್ನ ಸ್ಕ್ರೀನಲ್ಲಿ ದೊಡ್ಡದು ಮಾಡಿ ನೋಡಿ, ನಿಮ್ಮ ಅಡಾಪ್ಟರಿಗೆ ನಿಜವಾದ ಅನಂತ ಎಲ್ಲಿದೆ ಅಂತ ಗುರುತು ಮಾಡ್ಕೊಳ್ಳಿ.

ಕ್ಯಾಮೆರಾ ಮೆನುವಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬೀಳೋ ಹಾಗೆ ಒಂದು ಆಯ್ಕೆ ಇದೆ, ಅದನ್ನ ಆನ್ ಮಾಡಿ. ಇಲ್ಲಾಂದ್ರೆ ಕ್ಯಾಮೆರಾ ಮುಷ್ಕರ ಹೂಡತ್ತೆ. ಕ್ಯಾಮೆರಾದ ಮೋಡ್ ಡಯಲನ್ನ ಎ ಮೇಲೆ ಇಡಿ, ಅಪರ್ಚರ್, ಅಂದ್ರೆ ಬೆಳಕು ಒಳಗೆ ಬಿಡೋ ತೂತನ್ನ (ಎಫ್ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು) ಲೆನ್ಸಿನ ಮೇಲೇ ತಿರುಗಿಸಿ, ಶಟರ್ ವೇಗ ಕ್ಯಾಮೆರಾ ನೋಡ್ಕೊಳ್ಳತ್ತೆ. ಕ್ಯಾಮೆರಾ ಬಾಡಿಯಲ್ಲಿ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸೋ ಏರ್ಪಾಡು) ಇದ್ರೆ 28, 50, 135 ಅಂತ ಆಯಾ ಲೆನ್ಸಿನ ಸಂಖ್ಯೆ ಕೈಯಿಂದ ತುಂಬಬೇಕು.

ಟಾಕುಮಾರ್ ಕಷಾಯದ ಬಣ್ಣಕ್ಕೆ ಬರೋದು ಸಹಜ. 50 ಎಫ್ 1.4ರ ಏಳು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಆಕ್ಸೈಡ್ ಸೇರಿಸಿದ ಗಾಜು ಇದೆ. ವಕ್ರೀಭವನ ಹೆಚ್ಚಿಸೋಕೆ ಆ ಕಾಲದಲ್ಲಿ ಹಾಗೆ ಮಾಡ್ತಿದ್ರು. ಅದರದೇ ವಿಕಿರಣಕ್ಕೆ ಗಾಜು ವರ್ಷಗಳ ಮೇಲೆ ಹಳದಿಯಾಗತ್ತೆ. ಹೆದರಬೇಡಿ, ಕ್ಯಾಮೆರಾಗೆ ಹಾಕಿ ಬಳಸೋಕೆ ತೊಂದರೆ ಇಲ್ಲ. ಗಾಜನ್ನ ಉಜ್ಜಿ ಪುಡಿ ಮಾಡೋ ಸಾಹಸ ಮಾತ್ರ ಬೇಡ. ಅತಿನೇರಳೆ ಬೆಳಕು ಬಿದ್ದರೆ ಹಳದಿ ಇಳಿಯತ್ತೆ. ಬಿಸಿಲಿಗೆ ಇಡಬಹುದು, ಆದ್ರೆ ತೀರ್ಥಹಳ್ಳೀಲಿ ಈಗ ಬಿಸಿಲು ಎಲ್ಲಿಂದ ತರ್ತೀರಿ? ಯುವಿ ಎಲ್‌ಇಡಿ ದೀಪ ತಗೊಳ್ಳಿ, ಅದರ ಬೆಳಕಿಗೆ ಕಣ್ಣು ಕೊಡಬೇಡಿ. ಮುಂದೆ ಬಿಸಿಲು ಬಂದಾಗ ಇಡೋದಾದ್ರೆ ಒಂದು ಎಚ್ಚರ: ಅದು ಭೂತಗನ್ನಡಿಯೂ ಹೌದು. ಸೋಗೆಯ ಚಪ್ಪರದ ಹತ್ರ, ಬಟ್ಟೆ ಕಾಗದದ ಮೇಲೆ ಇಟ್ಟು ಮರೆತು ಹೋಗಬೇಡಿ, ಬೆಂಕಿ ಹತ್ತಿಕೊಳ್ಳತ್ತೆ.

135ರೊಳಗಿನ ಬಲೆ ಬೂಷ್ಟೇ. ಅದರ ಬಗ್ಗೆ ಇಲ್ಲಿ ಅಡಿಕೆ ಅಟ್ಟ ಅನ್ನೋ ಹೆಸರಲ್ಲಿ ಬರೆಯೋರು ಹೇಳ್ಲಿ, ಅವರ ಅನುಭವ ದೊಡ್ಡದು.

ಬಿ.ಎಚ್.ರೋಡ್

ಎಲ್ಲರೂ ಹೊಗಳೋ ಮುಂಚೆ ನನ್ನದೊಂದು ಅಪಸ್ವರ. ಇವತ್ತಿನ ಸಾಧಾರಣ ಆಟೋಫೋಕಸ್ 50 ಎಂಎಂ ಎಫ್ 1.8 ತಗೊಂಡ್ರೆ ಪೂರ್ತಿ ತೆರೆದಾಗಲೂ ಈ ಹಳೇವಕ್ಕಿಂತ ಚೂಪು. ಎದುರು ಬೆಳಕಿಗೆ ಮಂಕಾಗಲ್ಲ. ಕಣ್ಣು ಗುರುತಿಸೋ ಫೋಕಸ್ ಇದೆ, ಮಗು ಓಡಿದ್ರೂ ಹಿಡಿಯತ್ತೆ. ಹೆಲಿಯೋಸ್ ಅನ್ನೋ ಹಳೇ ಲೆನ್ಸ್ ಹಾಕ್ಕೊಂಡು ಹಿನ್ನೆಲೆ ಗಿರ್ರನೆ ಸುತ್ತಿಸಿದ ಪಟ ನೋಡಿ ನೋಡಿ ಸಾಕಾಗಿದೆ. ಪಟದಲ್ಲಿ ಹೇಳೋಕೆ ಎಂತದೂ ಇಲ್ಲದಾಗ ಹಿನ್ನೆಲೆ ತಿರುಗಿಸೋದು ಅಂತ ನನ್ನ ಅಭಿಪ್ರಾಯ. ಸಿಟ್ಟಾಗಬೇಡಿ.

ಕುಂದಾದ್ರಿ ಕಲ್ಲು

ಸಿಟ್ಟು ಎಂತಕ್ಕೆ, ಅರ್ಧ ಮಾತು ನಾನೂ ಒಪ್ತೀನಿ. ಸುಳಿ ಹಿನ್ನೆಲೆಗಾಗಿಯೇ ಹಳೇ ಲೆನ್ಸ್ ತಗೊಳ್ಳೋರು ಆರು ತಿಂಗಳಲ್ಲಿ ಮಾರ್ತಾರೆ. ಹೆಲಿಯೋಸ್ 44-2 ಅಂದ್ರೆ ಜರ್ಮನಿಯ ಬಯೋಟಾರ್ 58 ಎಂಎಂ ಎಫ್ 2ರ ಸೋವಿಯತ್ ಅವತಾರ. ಸುಳಿ ಹುಟ್ಟೋದು ಚಿತ್ರದ ಅಂಚಿನಲ್ಲಿ, ಅಲ್ಲಿ ಬೆಳಕಿನ ಚುಕ್ಕಿಗಳು ಬೆಕ್ಕಿನ ಕಣ್ಣಿನ ಆಕಾರಕ್ಕೆ ಬರೋದ್ರಿಂದ. ಕ್ರಾಪ್ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಹಾಕತ್ತೆ. ಹಾಗಾಗಿ ಹೈದನ ಕ್ಯಾಮೆರಾದಲ್ಲಿ ಸುಳಿ ಅಷ್ಟಾಗಿ ಬರೋದೂ ಇಲ್ಲ. ಒಳ್ಳೇದೇ ಆಯ್ತು ಅನ್ನಿ.

ಆದ್ರೆ ನನಗೆ ಹಳೇ ಲೆನ್ಸು ಬೇಕಾಗಿರೋ ಕಾರಣ ಬೇರೆ. ದೂರವನ್ನ ನಾನು ಮೊದಲೇ ತೀರ್ಮಾನ ಮಾಡಬಹುದು, ಮಾಡಿದ ಮೇಲೆ ಅದು ಅಲ್ಲೇ ಇರತ್ತೆ. ಇಷ್ಟೇ. ಆಗುಂಬೆ ಕಡೆ ಕಾಡಿಗೆ ಮಳೆಗಾಲದಲ್ಲಿ ಹೋಗಿ ಆಟೋಫೋಕಸ್ ಹಾಕಿ ನೋಡಿ. ಮಂಜು ಕವಿದಾಗ ಹಿಡಿಯೋಕೆ ಕಾಂಟ್ರಾಸ್ಟೇ (ಬೆಳಕು ಕತ್ತಲೆಯ ವ್ಯತ್ಯಾಸವೇ) ಇರಲ್ಲ, ಲೆನ್ಸು ಹಿಂದೆ ಮುಂದೆ ತಡಕಾಡತ್ತೆ. ಮಂಜು ಸರಿದ್ರೆ ಮುಂದೆ ಬಂದ ಎಲೆ ಹಿಡಿಯತ್ತೆ, ಇಲ್ಲಾ ಜೇಡರ ಬಲೆ, ಇಲ್ಲಾ ಬೀಳ್ತಾ ಇರೋ ಹನಿ. ನನಗೆ ಬೇಕಾದದ್ದು ಹಿಂದಿರೋ ಮರದ ಬೊಡ್ಡೆ. ರಿಂಗು ತಿರುಗಿಸಿ ಬೊಡ್ಡೆಗೆ ನಿಲ್ಲಿಸಿದ್ರೆ ಮುಗೀತು, ಆಮೇಲೆ ಮಂಜು ಬರಲಿ ಹೋಗಲಿ, ನಾನು ಬೆಳಕು ಕಾಯ್ತೀನಿ. (ಆ ಹೊತ್ತಿಗೆ ಇಂಬಳ ಮಂಡಿವರೆಗೆ ಏರಿರತ್ತೆ, ಅದು ಬೇರೆ ಪ್ರಶ್ನೆ. ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪಿನ ಪುಡಿ.)

ಹೊಸ ಲೆನ್ಸಲ್ಲೂ ಮ್ಯಾನುಯಲ್ ಇದೆಯಲ್ಲ ಅಂತೀರಿ. ಇದೆ, ಆದ್ರೆ ಬಹುಪಾಲು ಮಿರರ್‌ಲೆಸ್ ಲೆನ್ಸುಗಳ ರಿಂಗು ಒಂದು ಸ್ವಿಚ್ಚು ಅಷ್ಟೇ. ಒಳಗಿನ ಮೋಟಾರಿಗೆ ಹೇಳತ್ತೆ, ಮೋಟಾರು ತಿರುಗತ್ತೆ. ಆರಂಭ ಇಲ್ಲ, ಕೊನೆ ಇಲ್ಲ, ದೂರದ ಅಂಕಿ ಇಲ್ಲ. ಕೆಲವು ಬಾಡಿ ಆಫ್ ಮಾಡಿ ಆನ್ ಮಾಡಿದ್ರೆ ಫೋಕಸ್ ಎಲ್ಲಿತ್ತು ಅನ್ನೋದನ್ನೇ ಮರೆಯತ್ತೆ. ಹಳೇ ನಿಕ್ಕೋರ್ 28ರಲ್ಲಿ ಅಂಕಿ ಕೆತ್ತಿದೆ, ಎರಡೂ ಪಕ್ಕ ಅಪರ್ಚರಿನ ಗೆರೆಗಳಿವೆ. ಎಫ್ 8ಕ್ಕೆ ಇಟ್ಟು ಅನಂತದ ಗುರುತನ್ನ 8ರ ಗೆರೆಗೆ ತಂದು ನಿಲ್ಲಿಸಿದ್ರೆ ಸುಮಾರು 1.7 ಮೀಟರಿನಿಂದ ಹಿಡಿದು ಕಣ್ಣು ಹೋದಷ್ಟು ದೂರ ಫೋಕಸ್ಸಲ್ಲಿ ಇರತ್ತೆ. ಗಾಂಧಿ ಬಜಾರಲ್ಲಿ ಸಂಜೆ ಹೊತ್ತು ಹೂವಿನವರ ಸಾಲಲ್ಲಿ ನಡೀತಾ ತೆಗೆಯೋಕೆ ಇದಕ್ಕಿಂತ ವೇಗದ ಆಟೋಫೋಕಸ್ ಯಾವುದೂ ಇಲ್ಲ, ಯಾಕಂದ್ರೆ ಇಲ್ಲಿ ಫೋಕಸ್ ಮಾಡೋ ಕೆಲಸವೇ ಇಲ್ಲ.

ಕೂಡ್ಲಿ ಸಂಗಮ

ಕಲ್ಲು ಅವರ ಮಾತಿಗೆ ಸಣ್ಣ ತಿದ್ದುಪಡಿ. ಆ ಗೆರೆಗಳು 35 ಎಂಎಂ ಫಿಲ್ಮಿಗೆ ಲೆಕ್ಕ ಹಾಕಿ ಕೆತ್ತಿದವು. ಕ್ರಾಪ್ ಸೆನ್ಸರಿನ ಚಿತ್ರವನ್ನ ಅದೇ ಅಳತೆಗೆ ಹಿಗ್ಗಿಸಿ ನೋಡ್ತೀವಲ್ಲ, ಮಸುಕೂ ಜೊತೆಗೇ ಹಿಗ್ಗತ್ತೆ. ಹೈದ ಎಫ್ 8ಕ್ಕೆ ಇಟ್ಟರೆ 5.6ರ ಗೆರೆ ನೋಡಬೇಕು. ಆಗ ಹತ್ತಿರದ ಮಿತಿ ಸುಮಾರು ಎರಡೂವರೆ ಮೀಟರಿಗೆ ಹೋಗತ್ತೆ. ಬಜಾರಿಗೆ ಸಾಕು, ಹೂವಿನವರ ಕೈಗೆ ಸಾಲದು.

ಕುಂದಾದ್ರಿ, ಕೊಡಚಾದ್ರಿ ಮೇಲಿಂದ ದೂರದ ಬೆಟ್ಟಸಾಲು ತೆಗೆಯೋದಾದ್ರೆ ಈ ಲೆಕ್ಕ ಬಿಟ್ಟು ಬೆಟ್ಟಕ್ಕೇ ನೇರ ಫೋಕಸ್ ಮಾಡಿ. ಲೆಕ್ಕದ ಪ್ರಕಾರ ಅನಂತ ಅನ್ನೋದು ಬರೀ ಒಪ್ಪಬಹುದಾದ ಮಟ್ಟಕ್ಕೆ ಇರತ್ತೆ, ಚೂಪಾಗಿ ಇರಲ್ಲ.

ಅಡಿಕೆ ಅಟ್ಟ

ಕರೆದ್ರಲ್ಲ, ಬಂದೆ. ನಮ್ಮ ಮನೆ ಇರೋದು ಆಗುಂಬೆಗೆ ಹತ್ತಿರ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳೋ ಜಾಗ. ಜೂನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಚರ್ಮದ ಚಪ್ಪಲಿ, ಬೆಲ್ಟು, ದೇವರ ಪಟದ ಹಿಂದಿನ ರಟ್ಟು ಎಲ್ಲದರ ಮೇಲೂ ಬಿಳಿ ಹುಡಿ. ಲೆನ್ಸ್ ಬಿಡತ್ತಾ?

ಮೊದಲು ತಿಳ್ಕೊಳ್ಳಬೇಕಾದ್ದು, ಬೂಷ್ಟಿನ ಬೀಜ ಗಾಳೀಲಿ ಎಲ್ಲ ಕಡೆ ಇದೆ. ಯಾವ ಲೆನ್ಸಲ್ಲೂ ಇಲ್ಲ ಅನ್ನೋ ಹಾಗಿಲ್ಲ. ಅದು ಮೊಳೆಯೋದು ತೇವಾಂಶ ಶೇ 60 ದಾಟಿ, ಅಲ್ಲೇ ದಿನಗಟ್ಟಲೆ ನಿಂತಾಗ. ಅದರ ಕೆಳಗೆ ಇಟ್ಟರೆ ಇದ್ದ ಬೂಷ್ಟೂ ಬೆಳೆಯಲ್ಲ. ಗುರಿ ಶೇ 40ರಿಂದ 50ರ ನಡುವೆ. ಇನ್ನೂ ಒಣಗಿಸೋ ಹುಚ್ಚು ಬೇಡ.

ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇದ್ರೆ ಆರಾಮ. ಕರೆಂಟ್ ಹೋದ್ರೂ ಬಾಗಿಲು ತೆಗೆಯದೆ ಇದ್ರೆ ಒಳಗಿನ ಗಾಳಿ ಬೇಗ ಕೆಡಲ್ಲ. ದುಡ್ಡು ಹಾಕೋಕೆ ಮನಸ್ಸಿಲ್ಲದವರು ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರೋ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ತಗೊಳ್ಳಿ. ಮಾಪಕ ಇಲ್ಲದೆ ಜೆಲ್ ಹಾಕೋರು ಅಂದಾಜಲ್ಲೇ ಬದುಕ್ತಾರೆ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿದ್ರೆ ಮತ್ತೆ ಕೆಲಸಕ್ಕೆ ಬರತ್ತೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರತ್ತೆ, ಅದು ವಿಷ. ಅಡುಗೆಯ ಬಾಣಲೆಗೆ ಹಾಕಬೇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ಅದಕ್ಕೂ ಬೇರೆ ಪಾತ್ರೆ ಇಡಿ.

ಮಾಡಬಾರದ್ದು ಕೆಲವು. ಹಳೇ ಚರ್ಮದ ಕೇಸು ಎಷ್ಟೇ ಚಂದ ಇರಲಿ, ಲೆನ್ಸನ್ನ ಅದರೊಳಗೆ ಇಡಬೇಡಿ. ಚರ್ಮ ತೇವ ಹಿಡಿಯತ್ತೆ, ಬೂಷ್ಟಿಗೆ ಊಟವೂ ಅದೇ. ಅಕ್ಕಿ ಡಬ್ಬೀಲಿ ಹೂತಿಡೋದು ಬೇಡ, ಹಿಟ್ಟು ಫೋಕಸ್ ರಿಂಗಿನೊಳಗಿನ ತಿರುಪು, ಅಂದ್ರೆ ಹೆಲಿಕಾಯ್ಡ್‌ಗೆ ಹೋಗತ್ತೆ. ಒಲೆ ಮೇಲಿನ ಅಟ್ಟ ಬೆಚ್ಚಗೆ ಒಣಗಿರತ್ತೆ ಅಂತ ನಮ್ಮಜ್ಜಿ ಕ್ಯಾಮೆರಾನೂ ಅಲ್ಲೇ ಇಡು ಅಂತಿದ್ರು. ಅಡಿಕೆಗೆ ಆ ಹೊಗೆ ಒಳ್ಳೇದು, ಗಾಜಿಗೆ ಅಲ್ಲ. ಬಲ್ಬ್ ಉರಿಸಿದ ಬೀರು ಹಿಂದೆ ಸ್ಟುಡಿಯೋಗಳಲ್ಲಿ ಇರ್ತಿತ್ತು. ಬೂಷ್ಟು ತಡೆಯತ್ತೆ, ಆದ್ರೆ ಶಾಖಕ್ಕೆ ಒಳಗಿನ ಗ್ರೀಸ್ ಕರಗಿ ಎಣ್ಣೆ ಅಪರ್ಚರ್ ಬ್ಲೇಡಿಗೆ ಇಳಿಯತ್ತೆ. ಹೈದನ 135ರ ಬ್ಲೇಡ್ ನೋಡಿ, ಹೊಳೆಯೋ ಎಣ್ಣೆ ಕಂಡ್ರೆ ಕಾರಣ ಅದೇ ಇರಬಹುದು.

ಮತ್ತೆ ಎಸಿ ಕಾರಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ. ತಣ್ಣಗಿರೋ ಗಾಜಿನ ಮೇಲೆ ಘಟ್ಟದ ಗಾಳಿ ನೀರಾಗಿ ಕೂರತ್ತೆ, ಹಳೇ ಲೆನ್ಸಿಗೆ ರಬ್ಬರ್ ಸೀಲ್ ಇಲ್ಲ, ಒಳಗೂ ಹೋಗತ್ತೆ. ಚೀಲದೊಳಗೇ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಒಂದು ಕಾಪಿ ಕುಡೀರಿ. ನೆನೆದು ಮನೆಗೆ ಬಂದ ಲೆನ್ಸನ್ನ ಒರೆಸಿ, ಮುಚ್ಚಳ ತೆಗೆದು ಫ್ಯಾನಿನ ಗಾಳಿಗೆ ರಾತ್ರಿ ಇಟ್ಟು ಆಮೇಲೆ ಡಬ್ಬಿಗೆ ಹಾಕಿ.

ಗೋಪಿ ಸರ್ಕಲ್

ರಿಪೇರಿ ಕೆಲಸ ಕಂಡವನಾಗಿ ಎರಡು ಮಾತು. ಬೂಷ್ಟು ಹಿಡಿದ 135ನ್ನ ಮನೇಲಿ ಬಿಚ್ಚೋಕೆ ಹೋಗಬೇಡಿ. ಹೋಗೇ ಹೋಗ್ತೀವಿ ಅನ್ನೋರಿಗೆ: ಜಪಾನಿ ಲೆನ್ಸುಗಳ ತಿರುಪು ಜೆಐಎಸ್ ಅನ್ನೋ ಜಪಾನಿ ಅಳತೆಯದು, ನಮ್ಮ ಅಂಗಡಿಯ ಫಿಲಿಪ್ಸ್ ಸ್ಕ್ರೂಡ್ರೈವರ್ ಸರಿ ಕೂರಲ್ಲ, ತಲೆ ಸವೆದು ಹೋಗತ್ತೆ. ಹೆಲಿಕಾಯ್ಡ್ ಬಿಚ್ಚುವಾಗ ಯಾವ ಎಳೆಯಲ್ಲಿ ಬೇರೆಯಾಯ್ತು ಅಂತ ಗುರುತು ಹಾಕದೆ ಇದ್ರೆ ಮತ್ತೆ ಅನಂತ ಸಿಗಲ್ಲ.

ಬೂಷ್ಟು ಮೇಲ್ಪದರದಲ್ಲಿದ್ರೆ ಒರೆಸಿದಾಗ ಹೋಗತ್ತೆ. ಬಹಳ ಕಾಲ ಕೂತಿದ್ರೆ ಅದು ಬಿಡೋ ಆಮ್ಲ ಗಾಜಿನ ಲೇಪವನ್ನೇ ತಿಂದಿರತ್ತೆ, ಬಳ್ಳಿಯ ಗುರುತು ಉಳಿಯತ್ತೆ. ಅದಕ್ಕೆ ಔಷಧಿ ಇಲ್ಲ. ಆದ್ರೆ ಅಂಚಲ್ಲಿ ಒಂದೆರಡು ಎಳೆ ಇದ್ರೆ ಪಟದಲ್ಲಿ ಗೊತ್ತೇ ಆಗಲ್ಲ, ಸುಮ್ನೆ ಬಳಸಿ.

ಬೇರೆಯವರು ಕೊಳ್ಳುವಾಗ: ಟಾರ್ಚನ್ನ ಹಿಂದಿನಿಂದ ಓರೆಯಾಗಿ ಹಾಕಿ ಮುಂದಿನಿಂದ ನೋಡಿ. ಧೂಳು ಇದ್ದೇ ಇರತ್ತೆ, ಬಿಡಿ. ಮಂಜು ಥರ ಇಡೀ ಗಾಜು ಬೆಳ್ಳಗಾದ್ರೆ ಅದು ಹೇಸ್, ಕಾಂಟ್ರಾಸ್ಟ್ ಕೊಲ್ಲತ್ತೆ. ಅಂಚಿನಿಂದ ಕಾಮನಬಿಲ್ಲಿನ ಬಣ್ಣ ಒಳಗೆ ಬಂದಿದ್ರೆ ಎರಡು ಗಾಜು ಅಂಟಿಸಿದ ಬಾಲ್ಸಂ ಅನ್ನೋ ಅಂಟು ಬಿಟ್ಟಿದೆ ಅಂತ ಅರ್ಥ, ಅದನ್ನ ಬಿಟ್ಟು ಬನ್ನಿ. ಮುಂದಿನ ಗಾಜಿನ ಗೀರಿಗೆ ತಲೆ ಕೆಡಿಸ್ಕೋಬೇಡಿ, ಹಿಂದಿನ ಗಾಜಿನ ಗೀರು ಮಾತ್ರ ನೋಡಿ. ನಿಕ್ಕೋರ್ 55 ಎಂಎಂ ಎಫ್ 2.8 ಮೈಕ್ರೋ (ಸಣ್ಣ ವಸ್ತುವನ್ನ ಹತ್ತಿರದಿಂದ ತೆಗೆಯೋ ಮ್ಯಾಕ್ರೋ ಲೆನ್ಸು) ಸಿಕ್ಕಿದ್ರೆ ಹಿಂದಿರೋ ಲಿವರ್ ಒತ್ತಿ ಬಿಡಿ. ಬ್ಲೇಡು ಟಪ್ ಅಂತ ಮುಚ್ಚದೆ ಸೋಮಾರಿಯಾಗಿ ಬಂದ್ರೆ ಎಣ್ಣೆ ಇಳಿದಿದೆ, ಆ ಲೆನ್ಸಿನ ಹಳೇ ಕಾಯಿಲೆ ಅದು.

ಚೌಕಿಮನೆ

ಯಕ್ಷಗಾನಕ್ಕೆ ಯಾರೂ ಬಳಸಲ್ವಾ? ನಾನು ಮೇಳ ಬಂದಾಗಲೆಲ್ಲ ನಿಕ್ಕೋರ್ 105 ಎಂಎಂ ಎಫ್ 2.5 ಹಿಡಿದು ಹೋಗ್ತೀನಿ. 1984ರಲ್ಲಿ ಸ್ಟೀವ್ ಮೆಕ್ಕರಿ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಪಟ ತೆಗೆದದ್ದು 105 ಎಫ್ 2.5ರಲ್ಲೇ, ಕೊಡಾಕ್ರೋಮ್ ಫಿಲ್ಮಿನ ಮೇಲೆ. ಚೌಕಿಯಲ್ಲಿ ಬಣ್ಣ ಬರ್ಕೊಳ್ಳೋ ಕಲಾವಿದರು ಕನ್ನಡಿ ಮುಂದೆ ಅಲುಗಾಡದೆ ಕೂತಿರ್ತಾರೆ. ಕಣ್ಣಿನ ರೆಪ್ಪೆಯ ಮೇಲೆ ಕಡ್ಡಿ ಓಡೋ ಹೊತ್ತಿಗೆ ಅವರ ಉಸಿರೂ ನಿಂತಿರತ್ತೆ. ಆಟೋಫೋಕಸ್ಸು ಕನ್ನಡಿಯ ಮುಖ ಹಿಡೀಬೇಕೋ ನಿಜದ ಮುಖ ಹಿಡೀಬೇಕೋ ಗೊತ್ತಾಗದೆ ಒದ್ದಾಡತ್ತೆ. ರಿಂಗಲ್ಲಿ ಆ ತೀರ್ಮಾನ ನಿಮ್ಮದು.

ರಂಗಸ್ಥಳದ ಮೇಲೆ ಬೇರೆ ವಿದ್ಯೆ. ಕುಣಿಯೋರ ಹಿಂದೆ ರಿಂಗು ತಿರುಗಿಸ್ತಾ ಹೋದ್ರೆ ಸೋಲ್ತೀರಿ. ಪಾತ್ರ ಮುಂದೆ ಬಂದು ನಿಲ್ಲೋ ಜಾಗ ಇರತ್ತೆ, ಆಟ ನೋಡಿ ಬೆಳೆದವರಿಗೆ ಅದು ಗೊತ್ತು. ಅಲ್ಲಿಗೆ ಫೋಕಸ್ ಇಟ್ಟು ಕಾಯಿರಿ, ಚಂಡೆಯ ಮುಕ್ತಾಯಕ್ಕೆ ಕಾಲು ಅಲ್ಲೇ ಬೀಳತ್ತೆ. ತಾಳ ತಿಳಿದವನ ಪಟ, ಕ್ಯಾಮೆರಾ ತಿಳಿದವನ ಪಟಕ್ಕಿಂತ ಚೂಪಾಗಿ ಬರೋದನ್ನ ಕಂಡಿದೀನಿ.

ಈಗಿನ ಎಲ್‌ಇಡಿ ದೀಪಕ್ಕೆ ಪಟದ ಮೇಲೆ ಪಟ್ಟೆ ಬರತ್ತೆ. ಮೌನ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಹೋಗಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿನ 1/50 ಅಥವಾ 1/100 ವೇಗಕ್ಕೆ ಪಟ್ಟೆ ಬಹಳ ಕಡಿಮೆಯಾಗತ್ತೆ. ಸದ್ದು ಮಾಡತ್ತೆ ಅಂತ ಸಂಕೋಚ ಬೇಡ, ಚಂಡೆ ಎದುರು ನಿಮ್ಮ ಶಟರ್ ಯಾರಿಗೆ ಕೇಳತ್ತೆ?

ಹಸೆ ಚಿತ್ತಾರ

ಸಾಗರದ ಕಡೆಯವಳು. ಮಳೆಗಾಲದಲ್ಲಿ ನನ್ನ ಕ್ಯಾಮೆರಾ ಮನೆ ಹಿಂದಿನ ತೋಟ ದಾಟಲ್ಲ, ದಾಟೋ ಅಗತ್ಯವೂ ಇಲ್ಲ. ಅಣಬೆ, ಪಾಚಿ, ಮರಗಪ್ಪೆ, ಬಸವನಹುಳು. ನಿಕ್ಕೋರ್ ಮೈಕ್ರೋ 55 ಎಂಎಂ ಎಫ್ 3.5 ಬಳಸ್ತೀನಿ. ಸೆನ್ಸರ್ ಮೇಲೆ ವಸ್ತುವಿನ ಅರ್ಧ ಗಾತ್ರದವರೆಗೆ ಬರತ್ತೆ. ಹತ್ತಿರದಿಂದ ತೆಗೆಯುವಾಗ ರಿಂಗು ತಿರುಗಿಸಿ ಫೋಕಸ್ ಮಾಡೋದು ಕಷ್ಟ. ಎಷ್ಟು ದೊಡ್ಡದು ಬೇಕು ಅಂತ ರಿಂಗನ್ನ ಒಂದು ಕಡೆ ನಿಲ್ಲಿಸಿ, ಆಮೇಲೆ ನಿಮ್ಮ ಮೈಯನ್ನೇ ನಿಧಾನಕ್ಕೆ ಹಿಂದೆ ಮುಂದೆ ತೂಗಿ. ಕಣ್ಣು ಚೂಪಾದ ಕ್ಷಣ ಒತ್ತಿ. ಕಪ್ಪೆಯ ಮುಖಕ್ಕೆ ಟಾರ್ಚ್ ಹಿಡಿದು ಹತ್ತು ನಿಮಿಷ ನಿಲ್ಲೋ ಜನರನ್ನ ಕಂಡ್ರೆ ನನಗಾಗಲ್ಲ. ಎರಡು ಪಟ ತೆಗೆದು ದೀಪ ಆರಿಸಿ.

ಹೈದನ 28 ನಿಕಾನಿನ ಎಐ-ಎಸ್ ಅನ್ನೋ ಆವೃತ್ತಿ ಆಗಿದ್ರೆ ಪುಣ್ಯ ಮಾಡಿದೀರಿ. 0.2 ಮೀಟರ್‌ವರೆಗೆ ಹತ್ತಿರ ಹೋಗತ್ತೆ. ಅಣಬೆಯ ಹತ್ರ ನೆಲಕ್ಕೆ ಮಲಗಿ ತೆಗೆದ್ರೆ ಹಿಂದೆ ಇಡೀ ತೋಟ ಬರತ್ತೆ, ಮ್ಯಾಕ್ರೋ ಲೆನ್ಸಲ್ಲಿ ಅದು ಸಿಗಲ್ಲ.

ಇಕ್ಕೇರಿ ಅಘೋರೇಶ್ವರ ದೇವಸ್ಥಾನಕ್ಕೂ ಹಳೇ ಲೆನ್ಸ್ ತಗೊಂಡ್ ಹೋಗಿ ನೋಡಿ. ಒಳಗೆ ಕತ್ತಲು, ಬಾಗಿಲಾಚೆ ಬೆಳ್ಳನೆ ಬಯಲು. ಹಳೇ ಲೇಪದ ಲೆನ್ಸು ಬಾಗಿಲ ಬೆಳಕನ್ನ ಸ್ವಲ್ಪ ಚೆಲ್ಲತ್ತೆ, ನೆರಳು ಪೂರ್ತಿ ಕಪ್ಪಾಗದೆ ಕಲ್ಲಿನ ಕೆತ್ತನೆ ಉಳಿಯತ್ತೆ. ಬಿ.ಎಚ್.ರೋಡ್ ಅವರು ಮಂಕು ಅಂದದ್ದು ಇದನ್ನೇ. ಅಲ್ಲಿ ನನಗೆ ಅದೇ ಬೇಕು. ಬೇಡದಾಗ ಲೆನ್ಸ್ ಹುಡ್ ಹಾಕ್ತೀನಿ, ಅರ್ಧ ದೂರು ಅಲ್ಲಿಗೇ ಮುಗಿಯತ್ತೆ.

ಬಿ.ಎಚ್.ರೋಡ್

ಒಪ್ಪಿದೆ, ದೇವಸ್ಥಾನ, ಅಣಬೆ, ಚೌಕಿ ಎಲ್ಲ ಕೂತ ಕಡೆ ಕೂರೋ ವಿಷಯಗಳು. ಮಂಡಗದ್ದೆಗೆ ಬನ್ನಿ. ತುಂಗೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ತುಂಬಿರೋ ಕಾಲ ಇದು. ಹಾರೋ ಬೆಳ್ಳಕ್ಕೀನ ರಿಂಗು ತಿರುಗಿಸಿ ಹಿಡೀರಿ ನೋಡೋಣ.

ಕುಂದಾದ್ರಿ ಕಲ್ಲು

ಹಿಡಿಯಲ್ಲ. ಹಕ್ಕಿಗೆ ಆಟೋಫೋಕಸ್ಸೇ ಸರಿ, ವಾದವೇ ಇಲ್ಲ. 135 ಅಲ್ಲಿಗೆ ಉದ್ದವೂ ಸಾಲದು. ಗೂಡಿಗೆ ಬಂದು ಇಳಿಯೋದನ್ನ ಬೇಕಾದ್ರೆ ತೆಗೆಯಬಹುದು, ಗೂಡು ಎಲ್ಲೂ ಹೋಗಲ್ಲವಲ್ಲ. ಆಗ ಕಡು ಹಸಿರಿನ ಮುಂದೆ ಬಿಳಿ ಹಕ್ಕಿ ಅಂತ ನೆನಪಿರಲಿ: ಕ್ಯಾಮೆರಾದ ಬೆಳಕು ಅಳೆಯೋ ಮೀಟರು ಹಸಿರನ್ನ ನಂಬಿ ಬಿಳಿಯನ್ನ ಸುಟ್ಟು ಹಾಕತ್ತೆ, ಮೈನಸ್ ಒಂದು ಸ್ಟಾಪ್ (ಅರ್ಧ ಬೆಳಕಿಗೆ) ಇಳಿಸಿ ಶುರು ಮಾಡಿ. ಇದು ಯಾವ ಲೆನ್ಸಿಗಾದ್ರೂ ಒಂದೇ.

ತೀರ್ಥಳ್ಳಿ ಹೈದ

ಎಲ್ರಿಗೂ ದೊಡ್ಡ ನಮಸ್ಕಾರ. ಅಡಾಪ್ಟರ್ ಬಂತು. 28 ಎಐ-ಎಸ್ಸೇ, ಕನಿಷ್ಠ ದೂರ 0.2 ಅಂತ ಕೆತ್ತಿದೆ! 135 ಬ್ಲೇಡಲ್ಲಿ ಎಣ್ಣೆ ಇದೆ, ಅದನ್ನ ಬೇರೆ ಡಬ್ಬಿಗೆ ಹಾಕಿದೀನಿ. ಟಾಕುಮಾರ್ ಯುವಿ ದೀಪದ ಕೆಳಗೆ ಕೂತಿದೆ, ಬಣ್ಣ ಇಳೀತಾ ಇರೋ ಹಾಗೆ ಕಾಣ್ತದೆ.

ಸಮಸ್ಯೆ ಏನಂದ್ರೆ ನಿಕ್ಕೋರ್ 50ನ್ನ 1.4ಕ್ಕೆ ಇಟ್ಟು, ಫೋಕಸ್ ಆಯ್ತು ಅಂತ ಸ್ಕ್ರೀನಲ್ಲಿ ಅಂಚಿಗೆ ಬಣ್ಣ ಹಚ್ಚಿ ತೋರಿಸೋ ಪೀಕಿಂಗ್‌ನ ಕೆಂಪು ಬಂದ ಕೂಡಲೇ ಒತ್ತಿದ್ರೆ ಹತ್ತರಲ್ಲಿ ಒಂದೆರಡೇ ಚೂಪು. ಇನ್ನೊಂದು, ನಿಕ್ಕೋರ್ ರಿಂಗು ಒಂದು ಕಡೆ, ಟಾಕುಮಾರ್ ರಿಂಗು ಇನ್ನೊಂದು ಕಡೆ ತಿರುಗತ್ತೆ, ಕೈ ಗೊಂದಲ ಆಗ್ತದೆ.

ಕೂಡ್ಲಿ ಸಂಗಮ

ತಿರುಗೋ ದಿಕ್ಕು ನಿಕಾನಿನವರದು ಮೊದಲಿಂದಲೂ ಉಲ್ಟಾ. ಒಂದು ದಿನಕ್ಕೆ ಒಂದೇ ಲೆನ್ಸ್ ಹಾಕ್ಕೊಂಡು ಹೋಗಿ, ಕೈ ಕಲೀತದೆ.

ಪೀಕಿಂಗ್ ಬಗ್ಗೆ: ಅದು ಫೋಕಸ್ ಅಳೆಯಲ್ಲ, ಬರೀ ಅಂಚಿನ ಕಾಂಟ್ರಾಸ್ಟ್ ಹುಡುಕತ್ತೆ. ಎಫ್ 1.4ರಲ್ಲಿ ಫೋಕಸ್ಸಿನ ಆಳ ಹತ್ತಿರದ ಮುಖಕ್ಕೆ ಒಂದೆರಡು ಸೆಂಟಿಮೀಟರ್ ಅಷ್ಟೇ, ಕೆಂಪು ಗೆರೆ ಅದಕ್ಕಿಂತ ಅಗಲಕ್ಕೆ ಹಬ್ಬಿರತ್ತೆ. ಪೀಕಿಂಗ್ ಮಟ್ಟವನ್ನ ಕಡಿಮೆಗೆ ಇಳಿಸಿ. ಅದರಿಂದ ಹತ್ತಿರಕ್ಕೆ ಬನ್ನಿ, ಕೊನೆಯ ತೀರ್ಮಾನ ಮಾತ್ರ ಸ್ಕ್ರೀನ್ ಹಿಗ್ಗಿಸಿ ಕಣ್ಣಿನ ರೆಪ್ಪೆ ನೋಡಿಯೇ ಮಾಡಿ. ಹಿಗ್ಗಿಸೋ ಕೆಲಸವನ್ನ ಹೆಬ್ಬೆರಳಿಗೆ ಸಿಗೋ ಒಂದು ಬಟನ್ನಿಗೆ ಕೊಡಿ. ಇನ್ನೊಂದು ಉಪಾಯ, ಚಿತ್ರವನ್ನ ರಾ (ಸೆನ್ಸರಿನ ಮೂಲ ಫೈಲ್) ಆಗಿ ಉಳಿಸಿ, ನೋಡೋ ಪರದೆಯನ್ನ ಕಪ್ಪು ಬಿಳುಪಿಗೆ ಹಾಕಿ. ಕಪ್ಪು ಬಿಳುಪಿನ ಮೇಲೆ ಕೆಂಪು ಗೆರೆ ಎದ್ದು ಕಾಣತ್ತೆ, ಫೈಲಲ್ಲಿ ಬಣ್ಣ ಹಾಗೇ ಇರತ್ತೆ.

ಮತ್ತೆ ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಅಪರ್ಚರ್ ಇಳಿಸೋ ಅಭ್ಯಾಸ ಬೇಡ. ಇಂಥ ಲೆನ್ಸುಗಳಲ್ಲಿ ಅಪರ್ಚರ್ ಬದಲಾದಾಗ ಫೋಕಸ್ಸೂ ಸ್ವಲ್ಪ ಜರುಗೋದುಂಟು. ಯಾವುದರಲ್ಲಿ ತೆಗೀತೀರೋ ಅದರಲ್ಲೇ ಫೋಕಸ್ ಮಾಡಿ. ನನ್ನ ಕೇಳಿದ್ರೆ 2ಕ್ಕೋ 2.8ಕ್ಕೋ ಇಳಿಸಿ ಬಿಡಿ. ಲೆನ್ಸಿನ ಮೇಲೆ 1.4 ಅಂತ ಬರೆದಿದೆ ಅಂತ ಅಲ್ಲೇ ತೆಗೀಬೇಕು ಅಂತ ಕಾನೂನಿಲ್ಲ.

ಸೊರಬದ ಸೈಕಲ್

ನಡುವೆ ಬಾಯಿ ಹಾಕ್ತಾ ಇದೀನಿ. ನನ್ನ ಹತ್ರ ಮಿರರ್‌ಲೆಸ್ ಇಲ್ಲ, ಇರೋದು ಒಳಗೆ ಕನ್ನಡಿ ಇರೋ ನಿಕಾನ್ ಡಿ5600. ಪರಿಚಯದವರೊಬ್ಬರು ಮೊಲದ ಕಿವಿ ಥರ ಕೊಕ್ಕೆ ಇರೋ ಹಳೇ ನಿಕ್ಕೋರ್ 50 ಕೊಡ್ತೀನಿ ಅಂತಿದಾರೆ. ಹಾಕಬಹುದಾ? ಹೆಲಿಯೋಸೂ ಹಾಕೋ ಆಸೆ ಇದೆ.

ಗೋಪಿ ಸರ್ಕಲ್

ಹೆಲಿಯೋಸ್ ಆಸೆ ಬಿಡಿ. ಎಂ42ರ ದೂರ 45.46, ನಿಮ್ಮ ಬಾಡಿಯದು 46.5. ಅಡಾಪ್ಟರಿಗೆ ಜಾಗವೇ ಇಲ್ಲ. ಖಾಲಿ ಬಳೆ ಹಾಕಿದ್ರೆ ದೂರದ್ದು ಫೋಕಸ್ ಆಗಲ್ಲ, ನಡುವೆ ಗಾಜಿರೋ ಅಡಾಪ್ಟರ್ ಹಾಕಿದ್ರೆ ಆ ಅಗ್ಗದ ಗಾಜು ಲೆನ್ಸಿನ ಮರ್ಯಾದೆ ಕಳೆಯತ್ತೆ.

ನಿಕ್ಕೋರ್ 50 ಹಾಕಬಹುದು. ಮೋಡ್ ಎಂ ಮೇಲೆ ಮಾತ್ರ ಕೆಲಸ ಮಾಡತ್ತೆ, ಮೀಟರ್ ನಡೆಯಲ್ಲ. ಒಂದು ಪಟ ತೆಗೆದು ಹಿಸ್ಟೋಗ್ರಾಮ್ (ಪಟದ ಬೆಳಕಿನ ಹಂಚಿಕೆ ತೋರಿಸೋ ನಕ್ಷೆ) ನೋಡಿ ಶಟರ್ ಸರಿ ಮಾಡ್ಕೊಳ್ಳಿ, ಬೆಳಕು ಬದಲಾಗೋವರೆಗೆ ಅದೇ ನಡೆಯತ್ತೆ. ವ್ಯೂಫೈಂಡರ್ ಮೂಲೆಯ ಹಸಿರು ಚುಕ್ಕಿ ಫೋಕಸ್ ಆದಾಗ ಹತ್ತತ್ತೆ. ಅದಕ್ಕಿಂತ ನಂಬಿಕೆ ಬೇಕಾದ್ರೆ ಲೈವ್ ವ್ಯೂ ಹಿಗ್ಗಿಸಿ.

ಕೊಕ್ಕೆ ಬಗ್ಗೆ: ಅದರಲ್ಲಿ ಕಿಂಡಿ ಇದೆಯಾ ನೋಡಿ. ಕಿಂಡಿ ಇದ್ರೆ 1977ರ ನಂತರದ ಎಐ ಲೆನ್ಸ್ ಅಂತ ಲೆಕ್ಕ. ಕಿಂಡಿ ಇಲ್ಲದೆ ಗಟ್ಟಿ ಇದ್ರೆ ಅದಕ್ಕೂ ಹಿಂದಿನದು. ಡಿ5600ರ ಮೌಂಟಿನ ಅಂಚಲ್ಲಿ ಅಪರ್ಚರ್ ಓದೋ ಸಣ್ಣ ನಾಲಗೆ ಇಲ್ಲ, ಹಾಗಾಗಿ ಎರಡೂ ಕೂರತ್ತೆ. ಆದ್ರೆ ಡಿ7000, ಡಿ7100, ಡಿ7200 ಇರೋ ಗೆಳೆಯರು ಒಮ್ಮೆ ಕೊಡು ಮಾರಾಯ, ಹಾಕಿ ನೋಡ್ತೀನಿ ಅಂತ ಕೇಳಿದ್ರೆ ಕಿಂಡಿ ಇಲ್ಲದ್ದನ್ನ ಕೊಡಬೇಡಿ. ಲೆನ್ಸಿನ ಹಿಂದಿನ ಅಂಚು ಆ ನಾಲಗೆಯನ್ನ ಮುರಿಯತ್ತೆ. ಎಐ ಆದ್ರೆ ಧಾರಾಳವಾಗಿ ಕೊಡಿ, ಆ ಮೂರು ಬಾಡಿಗಳಲ್ಲಿ ಮೀಟರೂ ನಡೆಯತ್ತೆ. ಡಿ7500ರಲ್ಲಿ ನಾಲಗೆ ತೆಗೆದು ಹಾಕಿದಾರೆ, ಅದು ಮತ್ತೆ ನಿಮ್ಮ ಡಿ5600 ಲೆಕ್ಕಕ್ಕೇ ಬರತ್ತೆ.